ಬಿಸಿಲೂರಿಗೂ ವಾರಕ್ಕೆರಡು ತಾಸು ಹಸಿರು ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂದಂತೆ ಪತ್ರಿಕೆಗಳ ಪುರವಣಿಗಳಲ್ಲಿ 'ಮನಸ್ಸು ಹಗುರಾಗಲು ಪ್ರಕೃತಿಯ ಮಡಿಲಿಗೆ ಹೋಗಿ ಬನ್ನಿ' ಎಂಬ ಬರಹಗಳು ಕಾಣಿಸುತ್ತವೆ. ಜೊತೆಗಿರುವ ಚಿತ್ರಗಳು ಆಗುಂಬೆಯವು, ಕೊಡಗಿನವು, ಚಿಕ್ಕಮಗಳೂರಿನವು. ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಕೂತು ಓದುವವರಿಗೆ ಪ್ರಕೃತಿ ಅಂದರೆ ವರ್ಷವಿಡೀ ರೊಕ್ಕ ಕೂಡಿಸಿ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಮುಟ್ಟಬೇಕಾದ ಜಾಗ ಎನಿಸಿಬಿಡುತ್ತದೆ. ಕಲಬುರಗಿ, ಯಾದಗಿರಿ, ಬೀದರ್ ಎಂಬ ನಮ್ಮ ಮೂರು ಜಿಲ್ಲೆಗಳ ಜನರಿಗೆ ಈ ತಿಳಿವಳಿಕೆಯಿಂದ ನಷ್ಟವಾಗಿದೆ. ಹಸಿರು ಮನಸ್ಸಿನ ಮೇಲೆ ಮಾಡುವ ಪರಿಣಾಮ ಕಾಡಿನ ದಟ್ಟಣೆಯನ್ನು ಅಷ್ಟಾಗಿ ಅವಲಂಬಿಸಿಲ್ಲ. ಮನೆಯಿಂದ ಎಷ್ಟು ಹತ್ತಿರ, ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಎನ್ನುವುದೇ ಲೆಕ್ಕಕ್ಕೆ ಬರುವ ಸಂಗತಿ.

ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ವಾರಕ್ಕೆ ಒಟ್ಟು 120 ನಿಮಿಷ ಉದ್ಯಾನ, ಬಯಲು, ಕೆರೆ ದಂಡೆಗಳಲ್ಲಿ ಕಳೆಯುವವರು ತಮ್ಮ ಆರೋಗ್ಯ ಮತ್ತು ನೆಮ್ಮದಿ ಚೆನ್ನಾಗಿದೆ ಎಂದು ಹೇಳುವ ಸಾಧ್ಯತೆ ಸ್ಪಷ್ಟವಾಗಿ ಹೆಚ್ಚು ಎಂದು ತೋರಿಸಿತು. ಆ ಎರಡು ತಾಸನ್ನು ಭಾನುವಾರ ಒಂದೇ ಸಲ ಕಳೆದರೂ ಸೈ, ವಾರದುದ್ದಕ್ಕೂ ಹಂಚಿಕೊಂಡರೂ ಸೈ, ವ್ಯತ್ಯಾಸ ಕಾಣಲಿಲ್ಲ. 200ರಿಂದ 300 ನಿಮಿಷ ದಾಟಿದ ಮೇಲೆ ಹೆಚ್ಚಿನ ಲಾಭವೂ ಕಾಣಲಿಲ್ಲ. ಆರೋಗ್ಯವಾಗಿರುವವರೇ ಹೊರಗೆ ಹೆಚ್ಚು ಹೋಗುತ್ತಾರೆ ಎಂಬ ಸಾಧ್ಯತೆಯನ್ನು ಇಂಥ ಸಮೀಕ್ಷೆ ಪೂರ್ತಿ ತಳ್ಳಿಹಾಕಲಾರದು. ಹಾಗಾಗಿ ಪ್ರಯೋಗಗಳನ್ನೂ ನೋಡಬೇಕಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಕೆಲವರನ್ನು ಮರಗಿಡಗಳ ನಡುವೆ, ಕೆಲವರನ್ನು ವಾಹನ ಓಡಾಡುವ ರಸ್ತೆಯ ಬದಿಯಲ್ಲಿ 90 ನಿಮಿಷ ನಡೆಸಿದರು. ಹಸಿರಿನ ನಡುವೆ ನಡೆದವರಲ್ಲಿ, ಕಹಿ ವಿಚಾರವನ್ನೇ ತಲೆಯಲ್ಲಿ ಮತ್ತೆ ಮತ್ತೆ ತಿರುಗಿಸುವ ಚಾಳಿ ತಗ್ಗಿತು. ಅದಕ್ಕೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆಯೂ ಇಳಿಯಿತು. ರಸ್ತೆ ಬದಿಯಲ್ಲಿ ನಡೆದವರಲ್ಲಿ ಹಾಗಾಗಲಿಲ್ಲ. ಮಿಷಿಗನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅತಿ ಬೇಗ ಇಳಿದದ್ದು 20ರಿಂದ 30 ನಿಮಿಷದ ಅವಧಿಯಲ್ಲಿ. ಆಮೇಲೂ ಇಳಿಯಿತು, ಆದರೆ ನಿಧಾನವಾಗಿ. ಇವು ಸಣ್ಣ ಪ್ರಯೋಗಗಳೇ ಹೌದು. ಆದರೂ ಎಲ್ಲವೂ ತೋರಿಸುವ ದಿಕ್ಕು ಒಂದೇ: ವಾರಕ್ಕೆ ಐದು ದಿನ, ದಿನಕ್ಕೆ 25 ನಿಮಿಷ ಸಿಕ್ಕರೆ ಎರಡು ತಾಸಿನ ಲೆಕ್ಕ ಮುಗಿಯುತ್ತದೆ. ಅಷ್ಟಕ್ಕೆ ಮಲೆನಾಡು ಬೇಕಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಮೊದಲನೆಯದು ಬೆಳಕು. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬೆಳಕಿನ ಪ್ರಮಾಣ ಸಾಮಾನ್ಯವಾಗಿ 100ರಿಂದ 300 ಲಕ್ಸ್. ಹೊರಗೆ, ಮರದ ನೆರಳಿನಲ್ಲಿ ಕೂತರೂ ಅದು ಸಾವಿರಗಳಲ್ಲಿರುತ್ತದೆ; ಸುಡು ಬಿಸಿಲಿನಲ್ಲಿ ಒಂದು ಲಕ್ಷದ ಹತ್ತಿರ ಹೋಗುತ್ತದೆ. ಕಣ್ಣಿಗೆ ಮುಂಜಾನೆಯ ಬೆಳಕು ಬಿದ್ದರೆ ದೇಹದ ಒಳಗಡಿಯಾರ ಸರಿಹೊಂದಿ ರಾತ್ರಿ ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತದೆ. ನಿದ್ದೆ ಸರಿಯಾದರೆ ಮರುದಿನದ ಸಿಡುಕು ತಾನಾಗಿಯೇ ತಗ್ಗುತ್ತದೆ. ಎರಡನೆಯದು ಗಮನ. ಫೈಲು, ಫೋನು, ಟ್ರಾಫಿಕ್ಕು ನಮ್ಮ ಗಮನವನ್ನು ಎಳೆದು ಹಿಡಿಯುತ್ತವೆ, ಮನಸ್ಸು ದಣಿಯುತ್ತದೆ. ಎಲೆ ಅಲುಗುವುದು, ನೀರಿನ ಮೇಲೆ ಬೆಳಕು ಆಡುವುದು, ಹಕ್ಕಿ ಕೊಂಬೆಯಿಂದ ಕೊಂಬೆಗೆ ಹಾರುವುದು ಗಮನವನ್ನು ಮೆಲ್ಲಗೆ ಸೆಳೆಯುತ್ತವೆಯೇ ಹೊರತು ಏನನ್ನೂ ಕೇಳುವುದಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ ವಿವರಿಸಿದ್ದು ಇದನ್ನೇ. ಇವೆರಡರ ಜೊತೆಗೆ ನಡಿಗೆಯ ವ್ಯಾಯಾಮ ಮತ್ತು ನಾಲ್ಕು ಜನರ ಮುಖ ನೋಡಿ ಮಾತಾಡುವುದು ಸೇರುತ್ತವೆ.

ಇನ್ನು ನಮ್ಮ ಊರಿನ ಮಾತು. ತಂಪು ದೇಶದವರು 'ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ಹೋಗಿ' ಎಂದು ಬರೆದದ್ದನ್ನು ಇಲ್ಲಿ ಹಾಗೇ ಪಾಲಿಸಿದರೆ ಅಪಾಯ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನದ ಡಾಂಬರು, ಪರಸಿ ಕಲ್ಲು 50 ಡಿಗ್ರಿಗೂ ಮೇಲೆ ಕಾಯುತ್ತವೆ, ಸೂರ್ಯ ಮುಳುಗಿ ತಾಸುಗಟ್ಟಲೆ ಆದರೂ ಝಳ ಹೊರಸೂಸುತ್ತವೆ. ಆದ್ದರಿಂದ ಇಲ್ಲಿ ಮೊದಲು ನೋಡಬೇಕಾದದ್ದು ಗಡಿಯಾರ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸೂರ್ಯ ಮೂಡುವುದು 5.50ರ ಸುಮಾರಿಗೆ. ಮಾರ್ಚ್ ಮಧ್ಯದಿಂದ ಜೂನ್ ಮೊದಲ ಮಳೆಯವರೆಗೆ ಬೆಳಕು ಹರಿದಾಗಿನಿಂದ 7.30ರೊಳಗಿನ ಸಮಯವೇ ಉತ್ತಮ. ಸಂಜೆ ಹೋಗುವುದಾದರೆ 6.30ರ ನಂತರ, ಅದೂ ಮಣ್ಣು ಮತ್ತು ಮರ ಇರುವ ಕಡೆ. ಕಲ್ಲು ಹಾಸಿದ ಅಂಗಳ ಆ ಹೊತ್ತಿನಲ್ಲಿ ಬೇಡ. ಯಾದಗಿರಿಯ ಕೋಟೆ ಬೆಟ್ಟ ಇದಕ್ಕೆ ಒಳ್ಳೆಯ ಉದಾಹರಣೆ: ಬೇಸಿಗೆಯ ಸಂಜೆ ಗಾಳಿ ಬೀಸುತ್ತಿದ್ದರೂ ಬಂಡೆ ದಿನವಿಡೀ ಕಾದಿರುತ್ತದೆ, ಹತ್ತುವವರು ಬೇಗ ಸುಸ್ತಾಗುತ್ತಾರೆ. ರಾತ್ರಿಯಿಡೀ ಆರಿದ ಬಂಡೆಯನ್ನು ನಸುಕಿನಲ್ಲಿ ಹತ್ತಿದರೆ ಅದೇ ಮೆಟ್ಟಿಲು ಸಲೀಸು.

ಮಳೆಗಾಲದಲ್ಲಿ ಯಾವ ಹೊತ್ತಾದರೂ ಆದೀತು. ಆದರೆ ಎರೆ ಮಣ್ಣಿನ ಹಾದಿಯಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಕೆಸರು ಹತ್ತಿ ಜಾರುತ್ತದೆ, ಗರಸು ಹಾಕಿದ ದಾರಿ ಆರಿಸಿಕೊಳ್ಳಬೇಕು. ಮಬ್ಬು ಕವಿದ ಮೇಲೆ ಹೊಲದ ಬದುವಿನಲ್ಲಿ ಬ್ಯಾಟರಿ ಇಲ್ಲದೆ ಅಡ್ಡಾಡಬಾರದು, ಕೊಳಕುಮಂಡಲ ಹಾವು ಓಡಾಡುವ ಸಮಯ ಅದು. ಅಕ್ಟೋಬರಿನಿಂದ ಫೆಬ್ರವರಿವರೆಗೆ ನಮ್ಮ ಭಾಗದ ಹವೆಗೆ ಸಾಟಿಯಿಲ್ಲ. ಚಳಿಗಾಲದಲ್ಲಿ ಮಾತ್ರ ತೀರಾ ನಸುಕಿಗೆ ಹೋಗಬೇಡಿ: ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆ, ಧೂಳು ಕೆಳಗೇ ನಿಂತಿರುತ್ತವೆ. ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆಯವರು, ಅಸ್ತಮಾ ಇರುವವರು ಬಿಸಿಲು ಬಿದ್ದು ನೆಲ ಕಾದ ಮೇಲೆ, ಅಂದರೆ 7.30ರ ನಂತರ ಹೊರಟರೆ ಒಳಿತು.

ಮುಂಜಾನೆಯ ಎಳೆ ಬಿಸಿಲಿನಿಂದ ಡಿ ಜೀವಸತ್ವ ಸಿಗುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಅದು ತಪ್ಪು. ಚರ್ಮದಲ್ಲಿ ಡಿ ಜೀವಸತ್ವ ತಯಾರಾಗಲು ಬೇಕಾದ ಕಿರಣಗಳು ಸೂರ್ಯ ತಕ್ಕಷ್ಟು ಮೇಲೇರಿದಾಗಲೇ ನೆಲ ಮುಟ್ಟುತ್ತವೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಕಿರಣ ಇದೆ ಎಂದು ತಿಳಿಯಿರಿ, ಉದ್ದವಿದ್ದರೆ ಇಲ್ಲವೆಂದೇ ಲೆಕ್ಕ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಮಧ್ಯಾಹ್ನವೂ ನೆರಳು ಗಿಡ್ಡವೇ ಇರುತ್ತದೆ, ಆದ್ದರಿಂದ ಚಳಿಗಾಲದ ಮಧ್ಯಾಹ್ನ ಕೈಕಾಲಿಗೆ ಹತ್ತಿಪ್ಪತ್ತು ನಿಮಿಷ ಬಿಸಿಲು ಬೀಳಲಿ. ಗಾಜಿನ ಕಿಟಕಿಯ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಮುಂಜಾನೆಯ ನಡಿಗೆ ನಿದ್ದೆಗೂ ಮನಸ್ಸಿಗೂ ಒಳ್ಳೆಯದು. ಅದರಿಂದಲೇ ಡಿ ಜೀವಸತ್ವವನ್ನೂ ನಿರೀಕ್ಷಿಸಬಾರದು ಅಷ್ಟೆ.

ಎಲ್ಲಿಗೆ ಹೋಗಬೇಕು? ಮನೆಯಿಂದ 10-15 ನಿಮಿಷದಲ್ಲಿ ಕಾಲ್ನಡಿಗೆಯಲ್ಲಿ ಮುಟ್ಟುವ ಜಾಗಕ್ಕೆ. ಅದಕ್ಕಿಂತ ದೂರವಿದ್ದರೆ ಎರಡನೇ ವಾರಕ್ಕೆ ರೂಢಿ ತಪ್ಪುತ್ತದೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಕೆರೆಯ ದಂಡೆ, ಸಾರ್ವಜನಿಕ ಉದ್ಯಾನ, ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದ ಸುತ್ತಲಿನವರಿಗೆ ಅಲ್ಲಿನ ಮರಗಳು ಇವೆ. ಬೀದರ್‌ನವರ ಅದೃಷ್ಟ ದೊಡ್ಡದು. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ, ಸಂಜೆಗೆ ಗಾಳಿ, ಕೋಟೆಯೊಳಗಿನ ವಿಸ್ತಾರವಾದ ಬಯಲು, ಪಾಪನಾಶ ಕೆರೆ, ಅಷ್ಟೂರಿನ ಗುಮ್ಮಟಗಳ ಸುತ್ತಲಿನ ಹೊಲ. ಇದ್ಯಾವುದೂ ಹತ್ತಿರವಿಲ್ಲದವರಿಗೆ ಗುಡಿಯ ಕಟ್ಟೆಯ ಅರಳಿ ಮರ, ಶಾಲೆಯ ಅಂಗಳದ ಬೇವು, ಊರ ಹೊರಗಿನ ತೊಗರಿ ಹೊಲದ ದಾರಿ ಸಾಕು. ತಿಂಗಳಿಗೊಮ್ಮೆ ದೂರ ಹೋಗುವುದಾದರೆ ಚಿಂಚೋಳಿ ವನ್ಯಜೀವಿಧಾಮವಿದೆ: 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರಿನ ಒಣ ಎಲೆಯುದುರು ಕಾಡು, ನಡುವೆ ಚಂದ್ರಂಪಳ್ಳಿ ಜಲಾಶಯ. ಏಪ್ರಿಲ್‌ನಲ್ಲಿ ಹೋದರೆ ಎಲೆಯಿಲ್ಲದ ಕೊಂಬೆಗಳನ್ನು ಕಂಡು ನಿರಾಸೆಯಾದೀತು. ಆಗಸ್ಟಿನಿಂದ ಜನವರಿಯವರೆಗೆ ಹೋಗಬೇಕು. ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮಕ್ಕೆ ಚಳಿಗಾಲದ ಮುಂಜಾನೆ ಸರಿಯಾದ ಹೊತ್ತು. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಕೂರಬಹುದು, ನೀರಿಗೆ ಇಳಿಯಬಾರದು.

ಹೋದ ಮೇಲೆ ಏನು ಮಾಡಬೇಕೆಂಬುದರಲ್ಲೇ ಬಹಳ ಜನ ಎಡವುತ್ತಾರೆ. ಫೋನನ್ನು ಸದ್ದಡಗಿಸಿ ಜೇಬಿನಲ್ಲಿಡಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ವಾರ್ತೆ ಕೇಳುತ್ತ ನಡೆದರೆ ಕಾಲಿಗೆ ವ್ಯಾಯಾಮ ಸಿಗುತ್ತದೆ, ಗಮನಕ್ಕೆ ವಿಶ್ರಾಂತಿ ಸಿಗುವುದಿಲ್ಲ. ಹತ್ತು ಸಾವಿರ ಹೆಜ್ಜೆಯ ಲೆಕ್ಕದ ಹಿಂದೆ ಬಿದ್ದವರ ಕಣ್ಣು ಮರದ ಮೇಲಿರುವುದಿಲ್ಲ, ಮುಂಗೈ ಗಡಿಯಾರದ ಮೇಲಿರುತ್ತದೆ. ಮೊದಲ ಹತ್ತು ನಿಮಿಷ ಮೈ ಬೆಚ್ಚಗಾಗುವಷ್ಟು ಬಿರುಸಾಗಿ ನಡೆಯಿರಿ. ಆಮೇಲೆ ವೇಗ ತಗ್ಗಿಸಿ, ದಿನವೂ ಒಂದೇ ಮರದ ಕೆಳಗೆ ಹತ್ತು ನಿಮಿಷ ಕೂರಿ. ಒಂದೇ ಮರ ಯಾಕೆಂದರೆ ಬದಲಾವಣೆ ಕಣ್ಣಿಗೆ ಬೀಳಬೇಕಾದರೆ ಪರಿಚಯ ಬೇಕು. ಫೆಬ್ರವರಿಯಲ್ಲಿ ಎಲೆಯಿಲ್ಲದ ಮುತ್ತುಗ ಕೆಂಪಗೆ ಹೂ ಬಿಡುವುದು, ಮಾರ್ಚ್ ಕೊನೆಗೆ ಬೇವಿನ ಹೂವಿನ ಘಮ, ಬಿರುಬೇಸಿಗೆಯಲ್ಲೇ ಹೊಂಗೆ ಹೊಸ ಎಲೆ ತೊಟ್ಟು ಮಿಂಚುವುದು, ಇವೆಲ್ಲ ಒಂದೇ ಸಲ ಬಂದು ಹೋಗುವವರಿಗೆ ಕಾಣುವುದಿಲ್ಲ. ಮನಸ್ಸಿನಲ್ಲಿ ಚಿಂತೆ ಬಂದರೆ ಅದನ್ನು ಓಡಿಸಲು ಗುದ್ದಾಡಬೇಡಿ. ಕೇಳಿಸುವ ಸದ್ದುಗಳಲ್ಲಿ ಮೂರನ್ನು ಗುರುತಿಸಿ, ಕಾಣುವುದರಲ್ಲಿ ಅತಿ ದೂರದ್ದರ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. ಹೊರಡುವ ಮುಂಚೆ ಮತ್ತು ಬಂದ ಮೇಲೆ ಮನಸ್ಸಿನ ಸ್ಥಿತಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಟ್ಟು ಕ್ಯಾಲೆಂಡರಿನಲ್ಲಿ ಬರೆದಿಡಿ. ಮೊದಲ ವಾರದ ಅಂಕ ನೋಡಿ ತೀರ್ಮಾನಕ್ಕೆ ಬರಬೇಡಿ, ಕನಿಷ್ಠ ಮೂರು ವಾರ ಬೇಕು. ಅಂಕ ಏರದಿದ್ದರೆ ಜಾಗ ಬದಲಿಸಿ ನೋಡಿ. ವಾಹನದ ಸದ್ದು, ಕಸ ಸುಡುವ ಹೊಗೆ, ನಾಯಿಗಳ ಭಯ ಇರುವ ಕಡೆ ಹಸಿರಿದ್ದರೂ ಮೈ ಬಿಗಿಯಾಗಿಯೇ ಇರುತ್ತದೆ.

ಬೇಸಿಗೆಯಲ್ಲಿ ಮನೆ ಬಿಡುವ ಮುಂಚೆ ಎರಡು ಲೋಟ ನೀರು, ಬಂದ ಮೇಲೆ ಉಪ್ಪು ಬೆರೆಸಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ಕುಡಿಯಿರಿ. ತಲೆ ತಿರುಗಿದರೆ, ವಾಂತಿ ಬಂದರೆ ನಡಿಗೆ ನಿಲ್ಲಿಸಿ ನೆರಳಿಗೆ ಬನ್ನಿ. ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಯಿರಿ. ಮೈ ಕೆಂಡದಂತಾಗಿ ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಹೊಡೆತ. ಬಾಯಿಗೆ ನೀರು ಹಾಕಬೇಡಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ.

ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಮಾತು ಒತ್ತಿ ಹೇಳಬೇಕಿದೆ, ಯಾಕೆಂದರೆ ನಡಿಗೆಯ ಸಲಹೆ ಕೊಡುವವರು ಇದನ್ನು ಹೇಳುವುದು ಕಡಿಮೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ಸೇವಿಸುವವರ ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಔಷಧಿಯ ಮಟ್ಟ ಅಪಾಯಕ್ಕೆ ಏರಬಹುದು: ಕೈ ನಡುಕ, ಭೇದಿ, ತೂರಾಡುವ ನಡಿಗೆ ಅದರ ಸೂಚನೆ. ಮನೋರೋಗದ ಕೆಲವು ಮಾತ್ರೆಗಳು ಮತ್ತು ಅವುಗಳ ಜೊತೆ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನು ತಗ್ಗಿಸುತ್ತವೆ, ಮೈ ತಣ್ಣಗಾಗುವ ದಾರಿಯೇ ಮುಚ್ಚುತ್ತದೆ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೂ ಎಚ್ಚರ ಬೇಕು. ಇವರೆಲ್ಲ ಬೇಸಿಗೆಯಲ್ಲಿ ನಸುಕಿನ ನಡಿಗೆಗಷ್ಟೇ ಹೋಗಲಿ, ಮಾತ್ರೆಯನ್ನು ಮಾತ್ರ ತಾವಾಗಿಯೇ ನಿಲ್ಲಿಸದಿರಲಿ. ಮಧುಮೇಹಿಗಳು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬಾರದು. ಪಾದದ ಸ್ಪರ್ಶ ಮಂಕಾಗಿದ್ದರೆ ಮುಳ್ಳು ಚುಚ್ಚಿದ್ದೂ, ಕಲ್ಲು ಸುಟ್ಟದ್ದೂ ತಿಳಿಯುವುದಿಲ್ಲ.

ಹಸಿರಿನ ನಡಿಗೆ ಚಿಕಿತ್ಸೆಗೆ ಬದಲಿಯೂ ಅಲ್ಲ. ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ, ಬದುಕು ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಖಿನ್ನತೆಯಲ್ಲಿ ಮುಳುಗಿದವರಿಗೆ 'ನಾಲ್ಕು ಹೆಜ್ಜೆ ಅಡ್ಡಾಡಿದರೆ ಎಲ್ಲ ಸರಿಹೋಗುತ್ತದೆ' ಎನ್ನುವುದು ಅವರ ನೋವನ್ನು ಹೆಚ್ಚಿಸುತ್ತದೆ. ಅಂಥವರ ಜೊತೆ ನೀವೇ ಹತ್ತು ನಿಮಿಷ ಹೊರಗೆ ನಡೆದರೆ ಅದು ಸಹಾಯ.

ಇನ್ನೂ ಒಂದು ವಿಷಯವಿದೆ. ಸುಡು ಬಿಸಿಲಲ್ಲಿ ದಿನವಿಡೀ ಬದು ನಿರ್ಮಾಣ ಮಾಡುವವರಿಗೆ, ಕಲ್ಲು ಗಣಿಯಲ್ಲಿ ದುಡಿಯುವವರಿಗೆ, ಕಳೆ ಕೀಳುವ ಹೆಣ್ಣುಮಕ್ಕಳಿಗೆ 'ಹೊರಗೆ ಸಮಯ ಕಳೆಯಿರಿ' ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಬಯಲಿನಲ್ಲಿ ಇರುವುದೊಂದೇ ಮನಸ್ಸಿಗೆ ಹಿತ ತರುವುದಿಲ್ಲ. ತನ್ನ ಇಷ್ಟದಿಂದ, ದಣಿವಿಲ್ಲದೆ, ನೆರಳಿನಲ್ಲಿ ಇದ್ದಾಗ ತರುತ್ತದೆ. ಅವರಿಗೆ ಬೇಕಾದದ್ದು ಮಧ್ಯಾಹ್ನದ ಬಿಡುವು, ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು. ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು ಎನ್ನಲು ಎಳ್ಳಮಾವಾಸ್ಯೆಯೇ ಸಾಕ್ಷಿ. ದುಡಿಯುವ ಹೊಲಕ್ಕೇ ಆ ದಿನ ಬಂಧುಬಳಗ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಹಂಚಿಕೊಂಡು ಉಂಡು, ಸಂಜೆಯವರೆಗೆ ಸುಮ್ಮನೆ ಕಾಲ ಕಳೆದು ಬರುತ್ತಾರೆ. ಪಟ್ಟಣ ಸೇರಿದ ಕುಟುಂಬಗಳು ಆ ದಿನವನ್ನಾದರೂ ಬಿಡಬಾರದು, ಮಕ್ಕಳಿಗಾಗಿಯಾದರೂ. ಮಕ್ಕಳ ಕಣ್ಣಿಗೂ ಬಯಲು ಬೇಕು: ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಹೊರಗಿನ ಚಟುವಟಿಕೆ ಕೊಟ್ಟಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಸುಮಾರು ಶೇ 40ರ ಬದಲು ಶೇ 30ರಷ್ಟಿತ್ತು.

ಜನ ಇಷ್ಟು ಮಾಡಬಹುದು. ಉಳಿದದ್ದು ಆಡಳಿತದ ಕೆಲಸ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಅದೇ ಕಾರಣಕ್ಕೆ ಉದ್ಯಾನಗಳ ಸಮಯವೂ ಬದಲಾಗಲಿ: ಬೇಸಿಗೆಯಲ್ಲಿ ಗೇಟು ಬೆಳಗಿನ 5ಕ್ಕೆ ತೆರೆದು ರಾತ್ರಿ 9.30ರವರೆಗೆ ತೆರೆದಿರಲಿ. ಹೆಣ್ಣುಮಕ್ಕಳು ಬರಬೇಕಾದರೆ ದಾರಿಯಲ್ಲಿ ಕತ್ತಲು ಮೂಲೆಗಳಿರಬಾರದು, ಬೀಗ ಹಾಕದ ಶೌಚಾಲಯ ಇರಬೇಕು. ಮೊಣಕಾಲು ನೋವಿನ ಹಿರಿಯರಿಗೆ ನೂರು ಮೀಟರಿಗೊಂದು ಬೆನ್ನೊರಗುವ ಬೆಂಚು ಬೇಕು, ಗ್ರಾನೈಟಿನದಲ್ಲ, ಕಟ್ಟಿಗೆಯದು. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಕಾಯಲು 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯಿದೆ. ನಿವಾಸಿಗಳು ಅನುಮೋದಿತ ನಕ್ಷೆಯ ಪ್ರತಿ ಪಡೆದು ತಮ್ಮ ಬಡಾವಣೆಯ ಜಾಗ ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಳ್ಳಲಿ.

ಉದ್ಯಾನ ಅಂದರೆ ಹುಲ್ಲುಹಾಸು, ಪೇವರ್ ಬ್ಲಾಕ್, ಕಬ್ಬಿಣದ ವ್ಯಾಯಾಮ ಯಂತ್ರ ಎಂಬ ಮಾದರಿ ನಮ್ಮ ಹವೆಗೆ ಹೊಂದುವುದಿಲ್ಲ. ಹುಲ್ಲುಹಾಸು ಬೇಸಿಗೆಯಿಡೀ ನೀರು ಕುಡಿದು ಚೂರೂ ನೆರಳು ಕೊಡುವುದಿಲ್ಲ; ಒಂಬತ್ತು ಗಂಟೆಗೆ ಕಬ್ಬಿಣದ ಹಿಡಿಕೆ ಮುಟ್ಟಲಾಗುವುದಿಲ್ಲ. ಬೇವು, ಹೊಂಗೆ, ಅರಳಿ, ಆಲ, ಹುಣಸೆ, ನೇರಳೆ ನೆಡಿ. ಬೇಗ ಹಸಿರು ಕಾಣಲೆಂದು ಹಾಕುವ ಕೋನೊಕಾರ್ಪಸ್ ಬೇಡ. ಅದನ್ನು ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿದೆ. ದೊಡ್ಡ ಮರಗಳ ನಡುವೆ 8ರಿಂದ 10 ಮೀಟರ್ ಅಂತರವಿರಲಿ. ಮೂರಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ, ಎರಡು ಹದ ಮಳೆಯಾದ ಮೇಲೆ ಆರಡಿ ಎತ್ತರದ ಸಸಿ ಹಚ್ಚಿ. ಎರೆ ಮಣ್ಣಿನಲ್ಲಿ ಗುಂಡಿ ಬಟ್ಟಲಿನಂತಾಗಿ ನೀರು ನಿಂತು ಬೇರು ಕೊಳೆಯುತ್ತದೆ, ಆದ್ದರಿಂದ ಮಣ್ಣಿಗೆ ಮರಳು, ಗೊಬ್ಬರ ಬೆರೆಸಿ ಸಸಿಯನ್ನು ದಿಬ್ಬದ ಮೇಲೆ ಕೂಡಿಸಬೇಕು. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ತೊಂದರೆ ಬೇರೆ: ಗಟ್ಟಿ ಪದರ ಒಡೆಯದಿದ್ದರೆ ಬೇರು ಕೆಳಗಿಳಿಯದೆ ಐದಾರು ವರ್ಷದ ಮರ ಗಾಳಿಗೆ ಉರುಳುತ್ತದೆ. ಬುಡದ ಸುತ್ತ ಕನಿಷ್ಠ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ಲದೆ ಬಿಡಬೇಕು. ಒಣ ಎಲೆಯನ್ನು ಸುಡದೆ ಮೂರ್ನಾಲ್ಕು ಇಂಚು ದಪ್ಪಕ್ಕೆ ಹೊದಿಸಿ, ಕಾಂಡಕ್ಕೆ ತಾಗದಂತೆ ನೋಡಿಕೊಳ್ಳಬೇಕು.

ಸಸಿಗಳು ಸಾಯುವುದು ನೆಟ್ಟ ವರ್ಷ ಅಲ್ಲ, ಮುಂದಿನ ಮಾರ್ಚ್‌ನಲ್ಲಿ. ವನಮಹೋತ್ಸವದ ಲೆಕ್ಕದಲ್ಲಿ ಸಸಿ, ಗುಂಡಿ, ಫಲಕದ ಖರ್ಚು ಇರುತ್ತದೆ, ನೀರಿನದು ಇರುವುದಿಲ್ಲ. ಮೂರು ಬೇಸಿಗೆ, ವಾರಕ್ಕೆ ಎರಡು ಸಲ, ಸಸಿಗೆ 15ರಿಂದ 20 ಲೀಟರ್ ನೀರು ಹಾಕುವ ಹಣವನ್ನು ಮಹಾನಗರ ಪಾಲಿಕೆ ಮತ್ತು ನಗರಸಭೆಗಳು ಬರುವ ಬಜೆಟ್‌ನಲ್ಲಿ ಪ್ರತ್ಯೇಕವಾಗಿ ತೆಗೆದಿಡಬೇಕು, ಗುತ್ತಿಗೆದಾರರ ಬಿಲ್ಲಿನ ಕೊನೆಯ ಕಂತನ್ನು ಮೂರನೇ ಬೇಸಿಗೆ ದಾಟಿ ಬದುಕಿದ ಸಸಿಗಳ ಎಣಿಕೆಯ ಮೇಲೆ ಪಾವತಿಸಬೇಕು ಎಂದು ಒತ್ತಾಯಿಸುತ್ತೇವೆ.

— ಸಮುದಾಯ ಮಾನಸಿಕ ಆರೋಗ್ಯ ಕ್ಷೇತ್ರದ ಕಾರ್ಯಕರ್ತರು, ಕಲಬುರಗಿ